ಹಿಮ ಕಾಣದವಳ ಹಿಮ

ಭಾವಿಕೇರಿಯ ಗೋದಾವರಿ ಅಕ್ಷರ ಕಲಿತದ್ದು ಮೂವತ್ತೆಂಟರ ಪ್ರಾಯದಲ್ಲಿ, ಸಂಜೆಶಾಲೆಯ ಬೆಂಚಿನ ಮೇಲೆ. ಹಗಲೆಲ್ಲ ಅಂಕೋಲೆಯ ಪೇಟೆಯಲ್ಲಿ ಮೀನು ಮಾರುತ್ತಿದ್ದಳು. ೨೦೦೬ರಲ್ಲಿ ಹರೆಯದ ಮಕ್ಕಳಿಗೆಂದು ಒಂದು ಭಯದ ಕಾದಂಬರಿ ಬರೆದು ಮುಗಿಸಿದಳು. ನರಪಿಳ್ಳೆಯಿಲ್ಲದ ಹಿಮದ ಕಾಡಿನಲ್ಲಿ ಸಿಕ್ಕಿಬಿದ್ದ ಹದಿನಾರರ ಹುಡುಗಿ. ಹೆಪ್ಪುಗಟ್ಟಿದ ಕೆರೆಯಡಿಯಿಂದ ಅವಳನ್ನೇ ದಿಟ್ಟಿಸುವ ಸತ್ತವರು. ಆ ಸತ್ತವರ ಕಣ್ಣುಗಳಿಗೆ ರೆಪ್ಪೆಗಳಿರಲಿಲ್ಲ.

ಹಸ್ತಪ್ರತಿಯನ್ನು ಕಾರವಾರದ ಪ್ರಕಾಶಕ ಮಂಗೇಶರಿಗೆ ಕೊಟ್ಟು ನಾಲ್ಕು ತಿಂಗಳು ಕಾದಳು. ಕೊನೆಗೊಂದು ಬೆಳಿಗ್ಗೆ ಅವರೇ ಮೀನುಪೇಟೆಗೆ ಬಂದರು. ಕಂಕುಳಲ್ಲಿ ಅವಳ ಹಸ್ತಪ್ರತಿ, ಪುಟಪುಟಕ್ಕೂ ಕೆಂಪು ಗೀಟು.

“ಗೋದಾವರಿ ಬಾಯಿ, ಅಚ್ಚು ಹಾಕ್ತೇನೆ. ಆದ್ರೆ ಈ ಹಿಮ ತೆಗೀರಿ, ಸಮುದ್ರದ ಭೂತ ಮಾಡಿ. ಮೀನು ಮಾರುವವ್ರು ಬರೆದದ್ದು ಅಂದ್ರೆ ಜನ ಓದ್ತಾರೆ. ನೀವು ಹಿಮ ಕಂಡದ್ದೆಲ್ಲಿ?”

ಪಕ್ಕದಲ್ಲಿ ಮೀನು ಮಾರುತ್ತಿದ್ದ ಹೊನ್ನು ಕಿಸಕ್ಕನೆ ನಕ್ಕಳು. “ನಮ್ಮ ಗೋದಕ್ಕ ಘಟ್ಟ ಹತ್ತಿದ್ದೂ ಇಲ್ಲ ಮಾರಾಯ್ರೆ!”

“ನೀ ಸುಮ್ನಿರೆ. ನಿನ್ನ ಬಂಗಡೆ ಕಾಗೆ ಒಯ್ತದೆ, ನೋಡು,” ಎಂದು ಗದರಿದಳು ಗೋದಾವರಿ.

ಅವಳ ಮೈ ಹೊತ್ತಿ ಉರಿಯಿತು. ಇದೇ ಮನುಷ್ಯ ಹೋದ ವರ್ಷ ಚಂದ್ರಲೋಕದ ಕಾದಂಬರಿ ಅಚ್ಚು ಹಾಕಿದ್ದ. ಅದನ್ನು ಬರೆದ ಪ್ರೊಫೆಸರನನ್ನು, ಚಂದ್ರನನ್ನು ತುಳಿದು ಬಂದಿರಾ ಎಂದು ಕೇಳಿದವರುಂಟೆ?

ಅವಳು ಐಸುಪೆಟ್ಟಿಗೆಯ ಮುಚ್ಚಳ ತೆಗೆದಳು. “ತಳದಲ್ಲಿ ದೊಡ್ಡ ಇಸ್ವಣ ಮೀನು ಅದೆ. ಕೈ ಹಾಕಿ ತೆಗೀರಿ.”

ಮಂಗೇಶರು ನಗುತ್ತಲೇ ಅಂಗಿಯ ತೋಳು ಮಡಚಿ ಕೈ ಹಾಕಿದರು. ಐಸು ಸರಿಸುತ್ತ ಹೋದಂತೆ ನಗು ಆರಿತು. ಮೀನಿನ ಕಣ್ಣು ಕಾಣಿಸಿತು. ತೆರೆದೇ ಇತ್ತು, ಅವರನ್ನೇ ನೋಡುತ್ತಿತ್ತು. ಮೀನು ಮುಟ್ಟುವ ಮೊದಲೇ ಕೈ ಎಳೆದುಕೊಂಡರು.

“ಅಯ್ಯಪ್ಪ! ಉರೀತದೆ!”

“ಹೌದನಾ? ‘ತಣ್ಣಗಿನದು ಬೆಂಕಿಯಂತೆ ಉರಿಯಿತು’ ಹೇಳಿ ಹದಿಮೂರನೇ ಪುಟದಲ್ಲಿ ಬರ್ದಿದ್ದೆ. ಗೀಟು ಹೊಡ್ದು ‘ತಪ್ಪು’ ಅಂದ್ರಿ. ಇಪ್ಪತ್ತು ವರ್ಷ ದಿನಾ ಬೆಳಿಗ್ಗೆ ಇದ್ರೊಳಗೆ ಕೈ ಇಟ್ಟವ್ಳು ನಾನು.”

ಹೊನ್ನು ಈಗ ನಗಲಿಲ್ಲ.

“ಆಯ್ತು ಬಾಯಿ, ಆ ಸಾಲು ಇರ್ಲಿ,” ಎಂದರು ಮಂಗೇಶರು, ಬೆರಳು ತಿಕ್ಕಿಕೊಳ್ಳುತ್ತ. “ಆದ್ರೆ ಹಿಮ ಬಿಟ್ರೇ ಪುಸ್ತಕ.”

ಗೋದಾವರಿ ಕೈಯನ್ನು ಸೆರಗಿಗೆ ಚೆನ್ನಾಗಿ ಒರೆಸಿಕೊಂಡು ಹಸ್ತಪ್ರತಿಯನ್ನು ಅವರ ಕಂಕುಳಿಂದ ಎಳೆದುಕೊಂಡಳು. “ಇಸ್ವಣ ಬೇಕಾ? ಬೇಡದಿದ್ರೆ ದಾರಿ ಬಿಡಿ, ಗಿರಾಕಿ ನಿಂತಿದಾರೆ.”

ಕಾದಂಬರಿ ಅಚ್ಚಾಗಲಿಲ್ಲ. ಮರುದಿನ ಅವಳು ಹೊಸ ಕಾಗದ ತಂದು, ಕೆಂಪು ಗೀಟಿಲ್ಲದ ಪ್ರತಿಗೆಂದು ಹದಿಮೂರನೆಯ ಪುಟದಿಂದಲೇ ನಕಲು ತೆಗೆಯಲು ಕುಳಿತಳು. ಒಂದಕ್ಷರವನ್ನೂ ಬದಲಿಸಲಿಲ್ಲ.