ಗುತ್ತೆಪ್ಪನ ಅರ್ಧ ಗುಳಿಗೆ

ತಿಳವಳ್ಳಿಯ ಗುತ್ತೆಪ್ಪನ ಎದೆಯ ಅಗಲ ನೋಡಿದವರು ಸುಮ್ಮನೆ ದಾರಿ ಬಿಟ್ಟುಕೊಡುತ್ತಿದ್ದರು. ದೀಪಾವಳಿಯ ನಂತರ ಹೋರಿ ಹಬ್ಬ ಬಂತೆಂದರೆ, ಬೆದರಿ ಓಡುವ ಹೋರಿಯ ಕೊಂಬಿಗೇ ಜೋತುಬಿದ್ದು ಅದರ ಕೊರಳಿಗೆ ಕಟ್ಟಿದ ಕೊಬ್ಬರಿ ಸರ ಹರಿಯುತ್ತಿದ್ದ ಗಂಡಸು ಅವನು. ಅಂಥವನು ಮಳೆಗಾಲದಲ್ಲಿ ಹೊಸ್ತಿಲು ದಾಟುತ್ತಿರಲಿಲ್ಲ. ಕಾರಣ ಕಪ್ಪೆ. ಹೌದು, ಕಪ್ಪೆಯೇ. ಅಂಗೈಯಗಲದ, ಯಾರ ಗೊಡವೆಗೂ ಹೋಗದ ಪ್ರಾಣಿ.

ಕಪ್ಪೆ ಕಂಡರೆ ಅವನ ಉಸಿರು ಕಟ್ಟುತ್ತಿತ್ತು, ಮೈಯೆಲ್ಲ ಬೆವರುತ್ತಿತ್ತು, ಎದೆ ಹಲಗೆ ಬಾರಿಸಿದಂತೆ ಬಡಿದುಕೊಳ್ಳುತ್ತಿತ್ತು. ಯಾರೋ ಪುಣ್ಯಾತ್ಮರು ತಮಾಷೆಗೆಂದು ಅವನ ಅಂಗಿಯ ಕಿಸೆಗೆ ಮರಿಗಪ್ಪೆ ಬಿಟ್ಟು, ಆಮೇಲೆ ಎಚ್ಚರ ತಪ್ಪಿದವನ ಮುಖಕ್ಕೆ ನೀರು ಸುರಿಯುತ್ತ ತಾವೇ ಅಳುವ ಹಾಗಾಗಿತ್ತು. ಸವಣೂರಿನಿಂದ ತಾಯತ ತರಿಸಿ ಕಟ್ಟಿದ್ದೂ ಆಯಿತು. ಕಪ್ಪೆಗಳಿಗೆ ಓದುಬರಹ ಇಲ್ಲದ್ದರಿಂದಲೋ ಏನೋ, ಅವು ತಾಯತಕ್ಕೆ ಮರ್ಯಾದೆ ಕೊಡಲಿಲ್ಲ.

ಅದರ ಹೆಸರನ್ನೂ ಅವನು ಬಾಯಲ್ಲಿ ಆಡುತ್ತಿರಲಿಲ್ಲ. ‘ಅದು’ ಎನ್ನುತ್ತಿದ್ದ. ಅವನು ‘ಅದು’ ಎನ್ನುತ್ತಿದ್ದ ಇನ್ನೊಂದು ಜೀವವೂ ಮನೆಯಲ್ಲಿತ್ತು: ಹೆಂಡತಿ ಶಾರವ್ವ. ನಾಲ್ಕು ಜನರೆದುರು ಹೆಂಡತಿಯ ಹೆಸರು ಹಿಡಿದು ಕರೆದರೆ ಗಂಡಸಿನ ಮೀಸೆ ಉದುರುತ್ತದೆಂದು ಅವನ ಅಪ್ಪ, ಅಜ್ಜ ಎಲ್ಲರೂ ನಂಬಿದ್ದರು. ‘ಅದು ಗದ್ದಿಗೆ ಹೋಗೈತಿ’ ಎಂದರೆ ಊರಿಗೆಲ್ಲ ಅರ್ಥವಾಗುತ್ತಿತ್ತು. ಮಳೆಗಾಲದ ಗದ್ದೆ ಪೂರ್ತಿ ಶಾರವ್ವನದೇ. ಅವಳು ಕೆಸರಲ್ಲಿ ಬಗ್ಗಿ ಸಸಿ ನಾಟುತ್ತಿದ್ದರೆ, ಇವನು ಬಾಗಿಲ ಸಂದಿಗೆ ಹಳೇ ಚಿಂದಿ ತುರುಕಿ ಪಡಸಾಲೆಯಲ್ಲಿ ಕೂತಿರುತ್ತಿದ್ದ.

ಎಪ್ಪತ್ತೊಂಬತ್ತರ ಮಳೆಗಾಲದಲ್ಲಿ ಶಾರವ್ವ ಹಿತ್ತಲಲ್ಲಿ ಜಾರಿಬಿದ್ದು ಕಾಲು ಮುರಿದುಕೊಂಡಳು. ಮಡಿಯಲ್ಲಿ ಸಸಿ ಬೆಳೆದು ನಿಂತಿತ್ತು; ಇನ್ನೂ ತಡವಾದರೆ ದನದ ಮೇವಾಗುತ್ತಿತ್ತೇ ಹೊರತು ಭತ್ತವಾಗುತ್ತಿರಲಿಲ್ಲ. ಊರಿನವರೆಲ್ಲ ತಂತಮ್ಮ ಗದ್ದೆಯಲ್ಲಿದ್ದರು. ಪಟ್ಟಿ ಕಟ್ಟಿದ ಕಾಲಿನಲ್ಲೇ ಗೋಡೆ ಹಿಡಿದು ಗದ್ದೆಗೆ ಹೊರಟ ಶಾರವ್ವನನ್ನು ನೋಡಿ ಗುತ್ತೆಪ್ಪನಿಗೆ ತನ್ನ ಮೇಲೇ ಹೇಸಿಕೆ ಬಂತು. ಅವಳನ್ನು ಕೂರಿಸಿ, ಮಳೆ ಹೊಳವಾದ ಹೊತ್ತು ನೋಡಿ ಹಾನಗಲ್ಲಿನ ಬಸ್ಸು ಹತ್ತಿದ.

ಹಾನಗಲ್ಲಿನ ವೆಂಕಟೇಶ ಡಾಕ್ಟರು ಸವಣೂರಿನ ಆಚಾರರ ಮನೆತನದವರು. “ಏನ್ ತ್ರಾಸಪಾ?” ಎಂದರು.

“ಅದನ್ನ ಕಂಡ್ರ ಅಂಜಿಕಿ ಬರತೈತ್ರಿ.”

“ಯಾವದನ್ನ?”

“ಅದನ್ರಿ. ಮಳಿಗಾಲ ಬಂತಂದ್ರ ಭಾಳ ಒದರತೈತ್ರಿ. ಮೈಯೆಲ್ಲಾ ತಣ್ಣಗ. ಒಮ್ಮೊಮ್ಮೆ ಹಾಸಿಗಿ ಮ್ಯಾಲನ ಬಂದು ಕುಂದರತೈತ್ರಿ, ನನ್ನ ಕೈಕಾಲು ಬಿದ್ದ ಹೋಗತಾವ.”

ಡಾಕ್ಟರು ದನಿ ತಗ್ಗಿಸಿದರು. “ಮೊದಲಿಂದನೂ ಹಿಂಗನ?”

“ಸಣ್ಣಾವಿದ್ದಾಗಿಂದರಿ.”

‘ಅದು’ ಎಂದರೆ ಹೆಂಡತಿ, ಸಣ್ಣಂದಿನಿಂದ ಎಂದರೆ ಸೋದರಮಾವನ ಮಗಳನ್ನೇ ಕಟ್ಟಿಕೊಂಡಿರಬೇಕು ಎಂದು ಡಾಕ್ಟರು ತಿಳಿದರು. ಪಾಪ ಎಂದುಕೊಂಡು ಗಂಡಸುತನದ ಟಾನಿಕ್ಕು ಬರೆಯತೊಡಗಿದರು. “ಒಮ್ಮೆ ಅಕಿನ್ನೂ ಕರಕೊಂಡು ಬಾ,” ಎಂದರು.

“ಅದನ್ನ ಯಾರ ಹಿಡಕೊಂಡ ಬರತಾರ್ರೀ!” ಗುತ್ತೆಪ್ಪ ಸ್ಟೂಲಿನಿಂದ ಎದ್ದೇಬಿಟ್ಟ. ಹೆಸರು ಹೇಳಲು ನಾಲಿಗೆ ಏಳಲಿಲ್ಲ. ಕೊನೆಗೆ ಮಾನವನ್ನೆಲ್ಲ ಗಂಟುಕಟ್ಟಿ ಮೂಲೆಗಿಟ್ಟು, ಗಂಟಲುಬ್ಬಿಸಿ “ವಟರ್ರ್... ವಟರ್ರ್...” ಎಂದ. ಹೊರಗೆ ಬೆಂಚಿನ ಮೇಲಿದ್ದ ರೋಗಿಗಳು ತಂತಮ್ಮ ರೋಗ ಮರೆತು ನಕ್ಕರು.

ಡಾಕ್ಟರು ಮಾತ್ರ ನಗಲಿಲ್ಲ. ಬರೆದ ಚೀಟಿ ಹರಿದರು. ಉಬ್ಬಸ ಇದೆಯೇ ಎಂದು ಕೇಳಿ, ಎದೆಗೆ ಕೊಳವೆ ಹಚ್ಚಿ ನೋಡಿದರು.

“ನಮ್ಮವ್ವ ಹಲ್ಲಿ ಕಂಡ್ರ ಮಡಿ ಮೈಲಿಗಿ ಮರತು ಬೀದಿಗೆ ಓಡ್ತಾಳ. ಇದು ಹೇಡಿತನ ಅಲ್ಲಪಾ, ಒಂದು ಬ್ಯಾನಿ. ಗದ್ದಿಗೆ ಇಳಿಯೂಕಿಂತ ಒಂದು ತಾಸು ಮೊದಲ ಅರ್ಧ ಗುಳಿಗಿ ತಗೋ. ಎದಿ ಬಡಿತ, ನಡುಕ ಕಡಿಮಿ ಆಗ್ತದ. ಅಂಜಿಕಿ ಪೂರಾ ಹೋಗೂದಿಲ್ಲ, ಕಾಲು ನೀನ ಇಡಬೇಕು. ಮೊದಲ ದಿವಸ ಬದುವಿನ ಮ್ಯಾಲೆ ನಿಂತು ನೋಡು, ಮರುದಿವಸ ಇಳಿ.”

ಗುತ್ತೆಪ್ಪ ಗುಳಿಗೆ ನುಂಗಿ ಬದುವಿನ ಮೇಲೆ ನಿಂತ. ಕಪ್ಪೆ ಕೂಗಿತು. ಕಾಲಿಗೆ ಓಡಬೇಕೆನಿಸಿತು, ಎದೆ ಮಾತ್ರ ಜೊತೆಗೂಡಲಿಲ್ಲ. ಮರುದಿನವೂ ಅರ್ಧ ಗುಳಿಗೆ ನುಂಗಿ, ಶಾರವ್ವನನ್ನೂ ಚಕ್ಕಡಿಯಲ್ಲಿ ಕರೆತಂದು ಬದುವಿನ ಮೇಲೆ ಕೂರಿಸಿ, ಸಸಿಯ ಕಟ್ಟು ಹಿಡಿದು ಕೆಸರಿಗಿಳಿದ. ಸುತ್ತಲಿನ ಗದ್ದೆಯವರು ಸೊಂಟಕ್ಕೆ ಕೈಕೊಟ್ಟು ನಿಂತರು. ಇಂಥ ಪುಕ್ಕಟೆ ಆಟ ದಿನಾ ಸಿಗುವುದಲ್ಲ. ಅರ್ಧ ಸಾಲು ನಾಟಿದ್ದನೋ ಇಲ್ಲವೋ, ಬಲಿತ ಕಪ್ಪೆಯೊಂದು ಚಿಮ್ಮಿ ಅವನ ಮೊಣಕಾಲಿಗೆ ಅಂಟಿಕೊಂಡಿತು.

ಗುತ್ತೆಪ್ಪ ಕಲ್ಲಾದ. ಕಣ್ಣಲ್ಲಿ ನೀರು ಬಂತು. ಆದರೆ ಉಸಿರಾಡುತ್ತಿತ್ತು, ಎದೆ ಜಾಗ ಬಿಟ್ಟಿರಲಿಲ್ಲ. ಓಡಿದರೆ ನಾಳೆ ಶಾರವ್ವ ಮುರಿದ ಕಾಲಿನಲ್ಲಿ ಇಲ್ಲಿ ನಿಂತಿರುತ್ತಾಳೆ ಎಂಬುದು ಅವನಿಗೆ ಗೊತ್ತಿತ್ತು. ಓಡಲಿಲ್ಲ.

“ಕಪ್ಪಿ!” ಎಂದು ಒದರಿದ. “ನನ್ನ ಕಾಲ ಮ್ಯಾಲ ಕಪ್ಪಿ ಐತಲೇ! ಕಪ್ಪಿ!”

ಈ ಗದ್ದಲ ಕಪ್ಪೆಗೆ ಸೇರಲಿಲ್ಲ, ಜಿಗಿದು ಹೋಯಿತು. ಗುತ್ತೆಪ್ಪ ಮುಂದಿನ ಸಸಿ ಊರಿದ. ಸಾಲು ಕುಡುಕ ನಡೆದ ಹಾಗೆ ಸೊಟ್ಟಗಿತ್ತು, ಆದರೂ ಸಂಜೆಗೆ ಗದ್ದೆಯ ಮೂಲೆ ಮುಟ್ಟಿತ್ತು. ಬದುವಿಗೆ ಬಂದು ಕುಸಿದು ಕೂತ.

ಶಾರವ್ವ ಸೆರಗಿನಿಂದ ಮೊದಲು ತನ್ನ ಕಣ್ಣು, ಆಮೇಲೆ ಅವನ ಮೊಣಕಾಲು ಒರೆಸಿದಳು. “ಅದರ ಹೆಸರು ಊರಿಗೆಲ್ಲಾ ಕೇಳೂಹಂಗ ಹೇಳಿದ್ರಿ,” ಎಂದಳು. “ನನ್ನ ಹೆಸರು ಹೇಳಾಕ ಏನ ಧಾಡಿ?”

ಸುತ್ತಲೂ ಜನ ಇದ್ದರು. ಗುತ್ತೆಪ್ಪ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಕಿಸೆಗೆ ಕೈಹಾಕಿ ಗುಳಿಗೆಯ ಪೊಟ್ಟಣ ತಡಕಿದ. ನಾಳೆಯ ಅರ್ಧ ಗುಳಿಗೆ ಅಲ್ಲೇ ಇತ್ತು. ಅದನ್ನು ಅಲ್ಲೇ ಬಿಟ್ಟು, ಅವಳನ್ನು ಬೆನ್ನಮೇಲೆ ಹೊತ್ತು ಚಕ್ಕಡಿಯ ಕಡೆ ಹೊರಟ.

“ಗಟ್ಟಿ ಹಿಡಕೋ, ಶಾರವ್ವಾ!” ಎಂದ. ಆಚೆ ಗದ್ದೆಯವರೂ ತಿರುಗಿ ನೋಡಿದರು.