ಬಣ್ಣದ ಮೇಲೆ ಕೂತ ಬೋಲ್ಟು

ಅವರ ಬಲಗೈ ಬೆರಳುಗಳ ಹಿಂಭಾಗದಲ್ಲಿ ಒಂದೂ ಕೂದಲಿರಲಿಲ್ಲ. ಗೆಣ್ಣುಗಳ ಮೇಲಿನ ಚರ್ಮ ಸುಟ್ಟು ಸುಟ್ಟು ಕಪ್ಪಾಗಿ, ಸವೆದ ಚಪ್ಪಲಿಯ ಅಟ್ಟೆಯ ಹಾಗೆ ನುಣ್ಣಗಾಗಿತ್ತು. ಎಡಗೈ ಮಾತ್ರ ಮೆತ್ತಗೆ, ಕಚೇರಿ ಗುಮಾಸ್ತರ ಕೈಯಂತಿತ್ತು. ಕೆಲಸ ಮಾಡುವಾಗ ಆ ಕೈಯನ್ನು ಬೆನ್ನ ಹಿಂದೆ ಒಯ್ದು ಲುಂಗಿಯ ಸೊಂಟಕ್ಕೆ ಸಿಗಿಸಿಕೊಂಡುಬಿಡುತ್ತಿದ್ದರು. ಕರೆಂಟ್ ಇರುವ ಪೆಟ್ಟಿಗೆಯೊಳಗೆ ಎರಡೂ ಕೈ ಇಟ್ಟರೆ ಅದು ಒಂದು ಕೈಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಡುತ್ತದೆ, ನಡುವೆ ಎದೆ ಇರುತ್ತದೆ ಎನ್ನುವುದು ಅವರ ಲೆಕ್ಕ. ಇದು ಗೊತ್ತಿಲ್ಲದ ನಾನು ಮೊದಲ ಸಲ ನೋಡಿದಾಗ, ಪಾಪ, ಒಂದು ಕೈ ಸ್ವಾಧೀನವಿಲ್ಲ ಅಂದುಕೊಂಡಿದ್ದೆ.

ಹೊನ್ನಾಳಿಯಲ್ಲಿ ಅವರು ಎಲ್ಲರಿಗೂ ರೇಡಿಯೋ ಅಜ್ಜ. ರೇಡಿಯೋ ರಿಪೇರಿಗೆ ಬರುವುದು ನಿಂತು ಎಷ್ಟೋ ಕಾಲವಾಗಿದ್ದರೂ ಹೆಸರು ಹಾಗೇ ಉಳಿದಿತ್ತು. ಅವರ ಅಂಗಡಿಗೆ ಭಜನಾ ಮಂಡಳಿಗಳ ಆಂಪ್ಲಿಫೈಯರ್, ಶಾಮಿಯಾನದವರ ಮೈಕ್ ಸೆಟ್ಟು, ಒಮ್ಮೊಮ್ಮೆ ಮಿಕ್ಸಿ ಬರುತ್ತಿದ್ದವು. ನ್ಯಾಮತಿ ಕಡೆಯವರೂ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಬಂದವರಿಗೆ ಮೊದಲು ಬೈಗುಳ, ಆಮೇಲೆ ಚಹಾ. ಪ್ಲಗ್ಗಿನಲ್ಲಿ ಅರ್ಥಿನ ಮೂರನೇ ಪಿನ್ ಮುರಿದಿದ್ದನ್ನು ಕಂಡರಂತೂ ಮುಗಿಯಿತು, ಆ ಮನುಷ್ಯನ ಮನೆತನವನ್ನೆಲ್ಲ ವಿಚಾರಿಸಿಕೊಳ್ಳುತ್ತಿದ್ದರು. ಎದೆಯ ತೊಂದರೆ ಇತ್ತು. ಬಸ್ ನಿಲ್ದಾಣದಿಂದ ಅಂಗಡಿಗೆ ಬರುವಷ್ಟರಲ್ಲಿ ಎರಡು ಕಡೆ ನಿಲ್ಲುತ್ತಿದ್ದರು. ಜೇಬಿನಲ್ಲಿ ನಾಲಿಗೆಯಡಿ ಇಟ್ಟುಕೊಳ್ಳುವ ಮಾತ್ರೆ ಸದಾ ಇರುತ್ತಿತ್ತು.

ಯಾವ ಸೆಟ್ಟನ್ನೇ ಆಗಲಿ, ರಿಪೇರಿ ಮುಗಿದ ಮೇಲೆ ಅವರು ಒಂದು ಕೆಲಸ ಮಾಡುತ್ತಿದ್ದರು. ಮೀಟರ್ ಹಚ್ಚಿ, ಟೆಸ್ಟರ್ ಹಚ್ಚಿ, ಎಲ್ಲ ಸರಿ ಎಂದಾದ ಮೇಲೆ ನೆಲದ ಮೇಲೆ ಗೋಣಿಚೀಲ ಹಾಸಿ, ಒಂದು ಚೊಂಬು ನೀರು ಸುರಿದು, ಅದರ ಮೇಲೆ ಬರಿಗಾಲಲ್ಲಿ ನಿಂತು, ಸ್ವಿಚ್ ಹಾಕಿಸಿ, ಬಲಗೈಯನ್ನು ಮಗುಚಿ ಬೆರಳಿನ ಹಿಂಭಾಗದಿಂದ ತಗಡನ್ನು ತಟ್ಟುತ್ತಿದ್ದರು. ಅಂಗೈಯಿಂದ ಮುಟ್ಟಿದರೆ ಶಾಕ್ ಹೊಡೆದಾಗ ಕೈ ಮುಷ್ಟಿ ಕಟ್ಟಿ ಹಿಡಿದುಕೊಂಡುಬಿಡುತ್ತದಂತೆ. ಹಿಂಗೈ ಆದರೆ ತಾನೇ ಕಿತ್ತುಕೊಂಡು ಬರುತ್ತದೆ. ಮೀಟರ್ ಇರುವಾಗ ಇದೆಲ್ಲ ಯಾಕೆ ಅಜ್ಜ ಎಂದು ನಾನು ಒಮ್ಮೆ ಕೇಳಿದ್ದೆ.

"ಮೀಟರ್ ಸುಳ್ಳು ಹೇಳಲ್ಲ ತಮ್ಮಾ. ಆದ್ರೆ ಅದು ಬರಿಗಾಲಲ್ಲಿ ನಿಲ್ಲಲ್ಲ. ನೀವು ನಿಲ್ತೀರಿ" ಅಂದಿದ್ದರು.

ನಿಲ್ಲುತ್ತೇವೆ, ನಿಜ. ನಾನು ಚನ್ನಗಿರಿಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟುಕೊಂಡು, ಮದುವೆ ಆರತಕ್ಷತೆಗಳಿಗೆ ಹೋಗುವ ಒಂದು ಸಣ್ಣ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುವವನು. ನನ್ನ ಹೆಂಡತಿ ಅದೇ ತಂಡದಲ್ಲಿ ಹಾಡುತ್ತಾಳೆ. ಚಪ್ಪಲಿ ಕೆಳಗೆ ಬಿಟ್ಟು, ವೇದಿಕೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಹತ್ತುವುದು ನಮ್ಮ ಕಡೆ ರೂಢಿ. ಆಮೇಲೆ ಪುರೋಹಿತರೋ ಮನೆಯ ಹಿರಿಯರೋ ಬಂದು ವೇದಿಕೆಗೆಲ್ಲ ನೀರು ಚಿಮುಕಿಸುತ್ತಾರೆ. ಆ ಒದ್ದೆಯಲ್ಲಿ ಬರಿಗಾಲಲ್ಲಿ ನಿಂತು ನಾನು ಲೋಹದ ತಂತಿ ಹಿಡಿದಿರುತ್ತೇನೆ, ಅವಳು ಲೋಹದ ಮೈಕ್ ಹಿಡಿದಿರುತ್ತಾಳೆ.

ವಾಲ್ವ್ ಇರುವ ಬೇಸ್ ಆಂಪ್ಲಿಫೈಯರ್ ಕೊಳ್ಳಬೇಕೆಂಬುದು ನನ್ನ ಬಹಳ ದಿನದ ಹುಚ್ಚು. ಒಳಗೆ ಗಾಜಿನ ಬುಡ್ಡಿಗಳು ಕೆಂಪಗೆ ಕಾದು, ದನಿಗೆ ಒಂದು ತೂಕ ಬರುತ್ತದೆ. ಈಗಿನ ಸಾಮಾನ್ಯ ಆಂಪ್ಲಿಫೈಯರ್‌ಗಳಲ್ಲಿ ಅದು ಸಿಗುವುದಿಲ್ಲ. ಕೊನೆಗೆ ಆನ್‌ಲೈನ್‌ನಲ್ಲಿ ಒಂದನ್ನು ತರಿಸಿದೆ. ತರಿಸಿದ್ದೇ ತಡ, ಸುಮ್ಮನಿರಲಾರದೆ ಜಗಳೂರಿನ ಗೆಳೆಯನಿಗೆ ಫೋನ್ ಮಾಡಿ ಕೊಚ್ಚಿಕೊಂಡೆ. ಅವನು ಬಸ್ ನಿಲ್ದಾಣದ ಹಿಂದೆ ಫ್ಲೆಕ್ಸ್ ಅಂಗಡಿ ಇಟ್ಟಿರುವವನು, ಇನ್ನೊಂದು ತಂಡದಲ್ಲಿ ಬೇಸ್ ನುಡಿಸುತ್ತಾನೆ. ಅಷ್ಟು ದೊಡ್ಡದು ನನಗ್ಯಾಕಪ್ಪ ಎನ್ನುತ್ತಿದ್ದವನನ್ನು ಬಿಡದೆ ಹುರಿದುಂಬಿಸಿ ಅವನಿಗೂ ಅದೇ ಕಂಪನಿಯ ಅದೇ ಪೆಟ್ಟಿಗೆಯನ್ನು ತರಿಸಿಕೊಟ್ಟೆ. ನನ್ನದು ಬಂದ ವಾರಕ್ಕೆ ಅವನದೂ ಬಂತು.

ಹೊಸ ಸಾಮಾನು ಎಂದಮೇಲೆ ಪೂಜೆ ಆಗಬೇಕಲ್ಲ. ಹೆಂಡತಿ ಅರಿಶಿನ ಕುಂಕುಮ ಹಚ್ಚಿ, ಹೂವು ಮುಡಿಸಿದಳು. ನಾನು ಅದರ ಮುಂದೆಯೇ ತೆಂಗಿನಕಾಯಿ ಒಡೆದು, ಕೈಯಲ್ಲಿದ್ದ ಕಾಯಿಯ ನೀರನ್ನು ಅದರ ನೆತ್ತಿಯ ಮೇಲೆ ಒಂದಿಷ್ಟು ಚಿಮುಕಿಸಿದೆ. ನೆತ್ತಿಯಲ್ಲಿ ಗಾಳಿಯಾಡುವ ಜಾಲರಿ ಇತ್ತು. ಅದು ತಲೆಗೆ ಹೊಳೆಯಲಿಲ್ಲ.

ಮೊದಲ ಅರ್ಧ ಗಂಟೆ ಏನು ದನಿ ಅಂತೀರಿ, ಕಿಟಕಿಯ ಗಾಜು ನಡುಗುತ್ತಿತ್ತು. ಆಮೇಲೆ ಗುಂಯ್ ಎಂಬ ಸದ್ದು ಶುರುವಾಯಿತು. ಕೆಳಗಿನ ಸ್ವರ ನುಡಿಸಿದರೆ ಒಳಗೆ ಏನೋ ಗಿಲಗಿಲ ಎನ್ನುತ್ತಿತ್ತು. ಎರಡನೇ ದಿನ ಅಭ್ಯಾಸದಲ್ಲಿ, ಹೆಂಡತಿ ಒಂದು ಕೈಯಲ್ಲಿ ಮೈಕ್ ಹಿಡಿದುಕೊಂಡು, ಜಾರುತ್ತಿದ್ದ ನನ್ನ ಗಿಟಾರಿನ ಪಟ್ಟಿಯನ್ನು ಸರಿ ಮಾಡಲು ಇನ್ನೊಂದು ಕೈ ಹಾಕಿದಳು. ಬೆರಳು ತಂತಿಗೆ ತಾಗಿತು. ಮೈಕ್ ಬಿಸುಟು ಹಿಂದಕ್ಕೆ ಸರಿದು ಗೋಡೆಗೆ ಒರಗಿದಳು. ಮುಖ ಬೆಳ್ಳಗಾಗಿತ್ತು.

ಕಂಪನಿಗೆ ಬರೆದೆ. ಕಳಿಸಿ ಎಂದರು, ಕಳಿಸಿದೆ. ಒಂದೂವರೆ ತಿಂಗಳು ಇಟ್ಟುಕೊಂಡು ಹಾಗೆಯೇ ವಾಪಸ್ ಕಳಿಸಿದರು. ಜೊತೆಗೆ ಒಂದು ಕಾಗದ: ಒಳಗೆ ನೀರು ಹೋಗಿದೆ, ವಾರಂಟಿ ಇಲ್ಲ, ಗುಂಯ್ ಎನ್ನುವುದು ಇರಬೇಕಾದಷ್ಟೇ ಇದೆ. ಸಾಕ್ಷಿಗೆ ಫೋಟೋ ಬೇರೆ. ಜಾಲರಿಯ ಕೆಳಗೆ ಒಣಗಿದ ಕಾಯಿನೀರಿನ ಕಲೆ, ಅದರ ಮೇಲೆ ನನ್ನ ಹೆಂಡತಿ ಹಚ್ಚಿದ ಕುಂಕುಮ. ನಾಚಿಕೆಯಿಂದ ನಾನು ಆ ಕಾಗದವನ್ನು ಯಾರಿಗೂ ತೋರಿಸಲಿಲ್ಲ. ಜಗಳೂರಿನವನು ಫೋನ್ ಮಾಡಿ ನಿನ್ನದು ಹೆಂಗೈತೆ ಎಂದಾಗಲೆಲ್ಲ ಫಸ್ಟ್ ಕ್ಲಾಸ್ ಎನ್ನುತ್ತಿದ್ದೆ.

ಕೊನೆಗೆ ಒಂದು ಸೋಮವಾರ ಪೆಟ್ಟಿಗೆಯನ್ನು ಹೊನ್ನಾಳಿಗೆ ಒಯ್ದೆ. ಹೊಸದು ಅಜ್ಜ, ಬಳಸಿದ್ದು ಎರಡೇ ದಿನ ಎಂದೆ.

"ಹೊಸದು ಅಂದ್ರೆ ಏನು ತಮ್ಮಾ? ಇನ್ನೂ ಯಾರೂ ಬಿಚ್ಚಿ ನೋಡಿಲ್ಲ ಅಂತ. ಅಷ್ಟೇ" ಎಂದು ಸ್ಕ್ರೂಡ್ರೈವರ್ ತೆಗೆದುಕೊಂಡರು.

ಬಿಚ್ಚುವಾಗ ಅವರು ಮಾತಾಡುವವರಲ್ಲ. ಪೆನ್ಸಿಲ್ಲಿನ ತುದಿಯಿಂದ ಒಂದೊಂದು ವಾಲ್ವನ್ನೂ ತಟ್ಟಿ ಕಿವಿಗೊಟ್ಟರು. ಒಂದು ಗಿಲಗಿಲ ಎಂದಿತು. ಅದನ್ನು ಕಿತ್ತು ಬಟ್ಟೆಯ ಮೇಲೆ ಮಲಗಿಸಿದರು. ಬೆಸುಗೆಗಳನ್ನು ಭೂತಗನ್ನಡಿಯಲ್ಲಿ ನೋಡುತ್ತಾ ನಾಲ್ಕು ಕಡೆ ಬಿಳಿ ಚುಕ್ಕೆ ಇಟ್ಟರು. ಅರೆಬೆಂದ ಬೆಸುಗೆ, ತಾಗಿದಂತೆ ಕಾಣುತ್ತದೆ, ತಾಗಿರುವುದಿಲ್ಲ. ಆಮೇಲೆ ಅವರ ಕೈ ಒಂದು ಮೂಲೆಯಲ್ಲಿ ನಿಂತುಬಿಟ್ಟಿತು. ಬಹಳ ಹೊತ್ತು ಅಲ್ಲೇ ನೋಡಿದರು.

"ಇಲ್ಲಿ ಬಾ" ಅಂದರು. ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ಥ್ ವೈರನ್ನು ಪೆಟ್ಟಿಗೆಯ ತಗಡಿಗೆ ಬಿಗಿದ ಬೋಲ್ಟ್ ಅದು. ಹಳದಿ ಹಸಿರು ವೈರು, ಅಚ್ಚುಕಟ್ಟಾಗಿ ಕೂತಿತ್ತು. ಮೀಟರಿನ ಒಂದು ಮೊನೆಯನ್ನು ಬೋಲ್ಟಿಗೆ, ಇನ್ನೊಂದನ್ನು ತಗಡಿನ ಒಂದು ಗೀರಿನ ಮೇಲೆ ಇಟ್ಟರು. ಕುಂಯ್ ಎನ್ನಬೇಕಿದ್ದ ಮೀಟರ್ ಸುಮ್ಮನಿತ್ತು.

"ಪೇಂಟ್ ಮೇಲೆ ಬೋಲ್ಟ್ ಹಾಕ್ಯಾರೆ. ಬಣ್ಣ ಕರೆಂಟ್ ದಾಟಾಕೆ ಬಿಡಲ್ಲ, ಕೆರೆದು ಹಾಕ್ಬೇಕಿತ್ತು. ಎರಡು ನಿಮಿಷದ ಕೆಲ್ಸ." ಆಮೇಲೆ ಕರೆಂಟ್ ಒಳಗೆ ಬರುವ ವೈರನ್ನು ಬೆರಳಿನಿಂದ ಎತ್ತಿ ತೋರಿಸಿದರು. ತಗಡಿನ ಚೂಪು ಅಂಚಿಗೆ ಉಜ್ಜಿ ಉಜ್ಜಿ ಅದರ ಮೇಲಿನ ಪ್ಲಾಸ್ಟಿಕ್ ಹರಿಯುತ್ತಾ ಬಂದಿತ್ತು. "ಇದು ಪೂರಾ ಹರೀತು ಅಂದ್ರೆ ಕರೆಂಟ್ ಸೀದಾ ತಗಡಿಗೆ. ತಗಡಿಂದ ನಿನ್ನ ತಂತಿಗೆ. ಅರ್ಥ್ ಇದ್ದಿದ್ರೆ ಫ್ಯೂಸ್ ಹೋಗ್ತಿತ್ತು. ಈಗ ಯಾರು ಹೋಗ್ತಾರೆ?"

ನನಗೆ ಗೋಡೆಗೆ ಒರಗಿದ್ದ ಹೆಂಡತಿಯ ಮುಖ ನೆನಪಾಯಿತು. ಕಾಯಿನೀರಿನ ಕಥೆಯನ್ನೂ ಹೇಳಿಕೊಂಡೆ. ಅವರು ನಗಲಿಲ್ಲ.

"ಕಾಯಿ ನೀರು ಬಿದ್ದಿದ್ದು ಇಲ್ಲಿ. ಬೋಲ್ಟ್ ಇರೋದು ಅಲ್ಲಿ. ನಡುವೆ ಒಂದು ಗೇಣು ಐತೆ. ನಿನ್ನ ಕಾಯಿದು ತಪ್ಪಲ್ಲ." ಆಮೇಲೆ ಕೇಳಿದರು, "ಇಂಥದ್ದೇ ಪೆಟ್ಟಿಗೆ ಇನ್ಯಾರಾದ್ರೂ ತಗೊಂಡಾರೇನು?"

ಜಗಳೂರಿನವನ ವಿಷಯ ಹೇಳಿದೆ. ಅವನ ಅಂಗಡಿ ಎಲ್ಲಿ ಎಂದು ಕೇಳಿ ತಿಳಿದುಕೊಂಡರು. "ಇವತ್ತೇ ಫೋನ್ ಮಾಡು. ಪ್ಲಗ್ ಕಿತ್ತು ಪಕ್ಕಕ್ಕಿಡು ಅನ್ನು. ನೋಡಾಕೆ ನಾನು ಬರ್ತೀನಿ ಅನ್ನು."

ಆಗಲೇ ಅವರು ತಮ್ಮ ಒಡಹುಟ್ಟಿದ ತಮ್ಮನ ವಿಷಯ ಹೇಳಿದ್ದು. ಅದೊಂದೇ ಸಲ, ಚಹಾ ಕುಡಿಯುತ್ತಾ, ಬೇರೆ ಯಾರದೋ ವಿಷಯದಂತೆ. ಆ ತಮ್ಮ ಬಾಡಿಗೆಗೆ ಮೈಕ್ ಸೆಟ್ ಬಿಡುತ್ತಿದ್ದ. ಹೊಸ ಸೆಟ್ ತಂದು, ಅಣ್ಣಾ ಒಂದ್ಸಲ ನೋಡು ಅಂದನಂತೆ. ಸೀಲ್ ಹೊಡೆದದ್ದು, ಹೊಸದು, ಏನು ನೋಡೋದು ಎಂದು ಇವರು ಬಿಚ್ಚಲೇ ಇಲ್ಲ. ಅಂದೇ ಸಂಜೆ ನ್ಯಾಮತಿಯ ಹತ್ತಿರ ಒಂದು ಸಭೆಯಲ್ಲಿ ಅವನು ಮೈಕ್ ಹಿಡಿದು ಪರೀಕ್ಷೆಗೆ ಹಲೋ ಎಂದ. ಇನ್ನೊಮ್ಮೆ ಹಲೋ ಎಂದ.

"ಮೂರನೇ ಹಲೋ ಬರ್ಲಿಲ್ಲ" ಅಂದರು ಅಜ್ಜ. ಲೋಟ ಕೆಳಗಿಟ್ಟು ಎಡಗೈಯನ್ನು ಸೊಂಟಕ್ಕೆ ಸಿಗಿಸಿಕೊಂಡು ಕೆಲಸಕ್ಕೆ ಬಾಗಿದರು.

ಇಷ್ಟು ಕೇಳಿಯೂ ನಾನು ಫೋನ್ ಮಾಡಲಿಲ್ಲ. ಬಸ್ಸಿನಲ್ಲಿ ಬರುವಾಗ ಮೊಬೈಲ್ ಕೈಗೆ ತೆಗೆದುಕೊಂಡಿದ್ದೆ. ಏನು ಹೇಳುವುದು? ಒತ್ತಾಯ ಮಾಡಿ ಕೊಡಿಸಿದವನು ನಾನು. ಎರಡು ತಿಂಗಳಿಂದ ಫಸ್ಟ್ ಕ್ಲಾಸ್ ಎಂದು ಸುಳ್ಳು ಹೇಳಿದವನೂ ನಾನು. ಅವನದು ಸರಿ ಇದ್ದರೂ ಇರಬಹುದು, ಎಲ್ಲ ಪೆಟ್ಟಿಗೆಯೂ ಹೀಗೇ ಇರುತ್ತದೆಯೇ ಎಂದು ನನಗೆ ನಾನೇ ಹೇಳಿಕೊಂಡೆ. ನಾಳೆ ಮಾಡಿದರಾಯಿತು ಎಂದು ಮೊಬೈಲನ್ನು ಜೇಬಿಗೆ ಹಾಕಿದೆ.

ಮಂಗಳವಾರ ಅಜ್ಜನದೇ ಫೋನ್ ಬಂತು.

"ಹೇಳ್ದೇನು ತಮ್ಮಾ?"

"ಹೇಳ್ದೆ ಅಜ್ಜ."

"ಏನಂದ?"

"ನೋಡಿಸ್ತೀನಿ ಅಂದ."

"ಪ್ಲಗ್ ಕಿತ್ತಿಟ್ನಾ?"

"ಹೂಂ, ಕಿತ್ತಿಟ್ಟೆ ಅಂದ."

ಅಜ್ಜನ ಉಸಿರಾಟ ಮಾತ್ರ ಕೇಳುತ್ತಿತ್ತು. "ಆತು ಬಿಡು" ಎಂದು ಇಟ್ಟರು. ಬುಧವಾರ ನನಗೆ ಅಂಗಡಿಯಲ್ಲಿ ಕೆಲಸ ಹೆಚ್ಚಿತ್ತು. ಗುರುವಾರ ಏನು ಮಾಡಿದೆನೋ ನೆನಪಿಲ್ಲ, ಫೋನಂತೂ ಮಾಡಲಿಲ್ಲ.

ಶನಿವಾರ ಬೆಳಿಗ್ಗೆ ಅಜ್ಜನ ಅಂಗಡಿಯ ಪಕ್ಕದ ಟೈಲರ್ ಫೋನ್ ಮಾಡಿ, ಅಜ್ಜ ಹೋದರು ಎಂದ. ಬೆಳಗಿನ ಸ್ನಾನಕ್ಕೆಂದು ಎದ್ದವರು ಹಾಗೇ ಕುಸಿದರಂತೆ. ಎದೆಯದು. ಡಾಕ್ಟರು ಮೊದಲೇ ಓಡಾಟ ಬೇಡ ಎಂದಿದ್ದರಂತೆ. ನಾನೂ ಹೆಂಡತಿಯೂ ಹೊನ್ನಾಳಿಗೆ ಹೋದೆವು. ಅಂಗಳದಲ್ಲಿ ಜನರ ನಡುವೆ ಜಗಳೂರಿನ ಗೆಳೆಯ ನಿಂತಿದ್ದ. ಇವನಿಗೆ ಅಜ್ಜ ಎಲ್ಲಿಂದ ಪರಿಚಯ ಎಂದು ನಾನು ಬೆರಗಾಗಿ ನೋಡುತ್ತಿರುವಾಗಲೇ ಅವನು ಬಂದು ನನ್ನ ಎರಡೂ ಕೈ ಹಿಡಿದುಕೊಂಡ.

"ನೀನು ಅಜ್ಜನ್ನ ಕಳಿಸದಿದ್ರೆ ಇಲ್ಲಿಗಿಂತ ಮೊದ್ಲು ನಮ್ಮನೆ ಮುಂದೆ ಜನ ಸೇರ್ತಿದ್ರು ಕಣೋ" ಅಂದ.

ಬುಧವಾರ ಬೆಳಿಗ್ಗೆಯೇ ಅಜ್ಜ ಚೀಲ ಹೆಗಲಿಗೆ ಹಾಕಿಕೊಂಡು ದಾವಣಗೆರೆಗೆ ಬಂದು, ಅಲ್ಲಿ ಬಸ್ ಬದಲಿಸಿ, ಸೀಟು ಸಿಗದೆ ನಿಂತುಕೊಂಡೇ ಜಗಳೂರಿಗೆ ಹೋಗಿದ್ದರು. ಫ್ಲೆಕ್ಸ್ ಅಂಗಡಿಯ ಮೆಟ್ಟಿಲ ಮೇಲೆ ಕಾಲು ಗಂಟೆ ಕೂತು, ನಾಲಿಗೆಯಡಿ ಮಾತ್ರೆ ಇಟ್ಟುಕೊಂಡು, ಆಮೇಲೆ ಒಳಗೆ ಬಂದರಂತೆ. ಗೆಳೆಯನಿಗೆ ಅಂದು ಸಂಜೆ ಬಯಲಲ್ಲಿ ಕಾರ್ಯಕ್ರಮ ಇತ್ತು. ಪೆಟ್ಟಿಗೆಯನ್ನು ಗಾಡಿಗೆ ಹೇರುವುದೊಂದೇ ಬಾಕಿ. ಅದರಿಂದ ಒಂದೆರಡು ಸಲ ಕೈಗೆ ಚುರ್ ಎಂದಿದ್ದನ್ನು ಅವನೂ ಯಾರಿಗೂ ಹೇಳಿರಲಿಲ್ಲ. ಅಜ್ಜ ಬಿಚ್ಚಿದರು. ಅದೇ ಬೋಲ್ಟು, ಅದೇ ಬಣ್ಣ. ವೈರು ಮಾತ್ರ ನನ್ನದಕ್ಕಿಂತ ಮುಂದೆ ಹೋಗಿತ್ತು. ಪ್ಲಾಸ್ಟಿಕ್ ಪೂರ್ತಿ ಹರಿದು ತಾಮ್ರ ಹೊರಗೆ ಬಂದು, ತಗಡಿಗೂ ಅದಕ್ಕೂ ಒಂದು ಕೂದಲೆಳೆ ಉಳಿದಿತ್ತು. ಅಜ್ಜ ಬಣ್ಣ ಕೆರೆದು, ವೈರು ಬದಲಿಸಿ, ಅಂಚಿಗೆ ರಬ್ಬರ್ ಹಾಕಿ, ಗೋಣಿಚೀಲ ಕೇಳಿ ಪಡೆದು, ನೀರು ಸುರಿದು, ಮೇಲೆ ನಿಂತು ತಟ್ಟಿ ನೋಡಿ, ಸಂಜೆಯ ಬಸ್ಸಿಗೆ ಹೊರಟರು.

"ಊಟ ಮಾಡ್ರಿ ಅಂದ್ರೂ ಕೇಳ್ಲಿಲ್ಲ" ಅಂದ ಗೆಳೆಯ. "ಇಷ್ಟು ದೂರ ಯಾಕ್ ಬಂದ್ರಿ ಅಜ್ಜ, ಫೋನ್ ಮಾಡಿದ್ರೆ ಸಾಕಾಗಿತ್ತು ಅಂದೆ. ಅದಕ್ಕೆ ಅಜ್ಜ, ನಿನ್ನ ಗೆಳೆಯ ಎರಡು ರಾತ್ರಿಯಿಂದ ನಿದ್ದೆ ಮಾಡಿಲ್ಲ, ಫೋನಲ್ಲಿ ಹೇಳಿದ್ರೆ ಅವನು ನಂಬಲ್ಲ, ನೀವೇ ಹೋಗಿ ನೋಡ್ರಿ ಅಂತ ನನ್ನ ಕೈಕಾಲು ಹಿಡಿದು ಕಳ್ಸ್ಯಾನೆ ಅಂದ್ರು."

ಹೆಂಡತಿ ನನ್ನ ಕಡೆ ನೋಡಿದಳು. ಆ ಎರಡು ರಾತ್ರಿ ನಾನು ಎಷ್ಟು ಚೆನ್ನಾಗಿ ನಿದ್ದೆ ಮಾಡಿದ್ದೆ ಎಂದು ಅವಳಿಗೆ ಗೊತ್ತಿತ್ತು. ಅಷ್ಟರಲ್ಲಿ ಹೊತ್ತೊಯ್ಯುವವರು ಎದ್ದರು. ಅಜ್ಜನ ಬಲಗೈ ಎದೆಯ ಮೇಲಿತ್ತು, ಕಪ್ಪು ಗೆಣ್ಣುಗಳು ಕಾಣುತ್ತಿದ್ದವು. ಎಡಗೈಯನ್ನೂ ಯಾರೋ ಹೊದಿಕೆಯಿಂದ ಹೊರಗೆ ತೆಗೆದು ಅದರ ಪಕ್ಕದಲ್ಲಿಟ್ಟಿದ್ದರು. ಅವರ ಎರಡು ಕೈಗಳು ಹೀಗೆ ಒಂದರ ಪಕ್ಕ ಒಂದು ಇದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

ನನ್ನ ಪೆಟ್ಟಿಗೆ ಅವರ ಅಂಗಡಿಯಲ್ಲಿ ಸಿದ್ಧವಾಗಿ ಕೂತಿತ್ತು. ತಂದೆ. ಈಗ ಪ್ರತಿ ಕಾರ್ಯಕ್ರಮದ ಮುಂಚೆ ಮೀಟರ್ ಹಚ್ಚಿದ ಮೇಲೂ ಒದ್ದೆ ಚೀಲದ ಮೇಲೆ ಬರಿಗಾಲಲ್ಲಿ ನಿಂತು ಹಿಂಗೈಯಿಂದ ತಟ್ಟಿ ನೋಡುತ್ತೇನೆ. ಅದಾಗುವವರೆಗೆ ಹೆಂಡತಿ ಮೈಕ್ ಮುಟ್ಟುವುದಿಲ್ಲ. ತಂಡದವರು ನಗುತ್ತಾರೆ, ನಗಲಿ.

ಜಗಳೂರಿನವನು ಈಗಲೂ ಸಿಕ್ಕಾಗಲೆಲ್ಲ, ಇವನಿಂದ ನಾನು ಉಳಿದೆ ಎಂದು ಜೊತೆಗಿರುವವರಿಗೆ ಹೇಳುತ್ತಾನೆ. ನಾನು ಬೇರೆ ಮಾತು ತೆಗೆಯುತ್ತೇನೆ. ಹೇಳಿಬಿಡಬೇಕೆಂದು ಎಷ್ಟೋ ಸಲ ಅವನ ಅಂಗಡಿಯ ಆ ಮೆಟ್ಟಿಲವರೆಗೆ ಹೋಗಿ ಬಂದಿದ್ದೇನೆ. ಇದನ್ನು ಅವನು ಓದುತ್ತಾನೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ನಾನು ನಿನಗೆ ಯಾರನ್ನೂ ಕಳಿಸಿರಲಿಲ್ಲ ಕಣೋ. ಅಜ್ಜ ತಾವಾಗಿಯೇ ಬಂದಿದ್ದರು.