ಬೆಲ್ಲ ತಿಂದ ಮಾಳಿಗೆ

ನಾನು ಶಾಲೆ ಬಿಟ್ಟದ್ದು ೧೯೮೭ರಲ್ಲಿ, ಏಳನೆಯ ಇಯತ್ತೆಯ ನಡುವೆ. ಅಂದು ಕೈಗೆ ಬಂದ ಗೌಂಡಿಯ ಕರಣಿಯನ್ನು ಇನ್ನೂ ಕೆಳಗಿಟ್ಟಿಲ್ಲ. ಹುಕ್ಕೇರಿ, ಗೋಕಾಕ, ಮೂಡಲಗಿ ಸೀಮೆಯಲ್ಲಿ ನಾನು ಕಟ್ಟಿದ ಮನೆಗಳಿವೆ. ಸೋರುತ್ತದೆ ಎಂದು ಯಾರೂ ನನ್ನನ್ನು ಕರೆಸಿಲ್ಲ. ಇದನ್ನು ಜಂಬದಿಂದಲೇ ಹೇಳುತ್ತಿದ್ದೇನೆ. ಓದಿದವರಿಗೆ ತೋರಿಸಲು ಸರ್ಟಿಫಿಕೇಟು ಇರುತ್ತದೆ. ನನಗೆ ಮಾಳಿಗೆಗಳೇ ಸರ್ಟಿಫಿಕೇಟು.

ಯಮಕನಮರಡಿಯ ನನ್ನ ಸ್ವಂತ ಮನೆಯ ಮಾಳಿಗೆಯ ಮಾತು ಮಾತ್ರ ಬೇರೆ. ಗೌಂಡಿಯ ಮನೆ ಎಂದೂ ಪೂರ್ತಿಯಾಗುವುದಿಲ್ಲ. ಮಾಳಿಗೆಯ ಅಂಚಿಗೆ ಮೂರು ಕಡೆ ಕಟ್ಟೆ ಎದ್ದಿತ್ತು, ಮೂಡಣ ಕಡೆ ಬಯಲು. ಹೆಂಡತಿ ಕಸ್ತೂರಿ ಕೇಳಿದಾಗಲೆಲ್ಲ "ಮುಂದಿನ ವರ್ಷ" ಎನ್ನುತ್ತಿದ್ದೆ. ಹಾಗೆನ್ನುತ್ತ ಹನ್ನೊಂದು ವರ್ಷ ಕಳೆದಿದ್ದವು.

ಈ ಬೇಸಿಗೆಯಲ್ಲಿ ನನಗೊಂದು ಹುಕಿ ಬಂತು. ನನ್ನಜ್ಜನ ಕಾಲದ ಗಚ್ಚು ಹಾಕಬೇಕು! ಸುಣ್ಣವನ್ನು ಎತ್ತಿನ ಗಾಣದಲ್ಲಿ ಅರೆದು, ಅಳಲೆಕಾಯಿಯ ನೀರು, ಬೆಲ್ಲದ ನೀರು ಬೆರೆಸಿ ಮಾಳಿಗೆಗೆ ಬಳಿಯುತ್ತಿದ್ದರು. ಬೆಲ್ಲ ಸುಣ್ಣವನ್ನು ಹಿಡಿದಿಡುತ್ತದೆ, ನೀರು ಇಳಿಯಗೊಡುವುದಿಲ್ಲ. ಇದು ಪುಸ್ತಕದಲ್ಲಿ ಓದಿದ್ದಲ್ಲ, ಅಜ್ಜನ ಹೆಗಲ ಮೇಲೆ ಕೂತು ನೋಡಿದ್ದು. ನಮ್ಮ ಕಡೆ ಬೆಲ್ಲಕ್ಕೇನು ಬರ? ಆಲೆಮನೆಯ ಗೆಳೆಯನೊಬ್ಬ ಹದ ಕೆಟ್ಟ ಬೆಲ್ಲವನ್ನು ಡಬ್ಬಿಗಟ್ಟಲೆ ಪುಕ್ಕಟೆ ಕೊಟ್ಟ. ಪುಕ್ಕಟೆ ಸಿಕ್ಕಿದ್ದಕ್ಕೆ ಕೈ ಬಿಗಿ ಹಿಡಿಯುವುದುಂಟೆ? ಅಜ್ಜ ಅಂಗೈಯಲ್ಲಿ ಅಳೆದದ್ದನ್ನು ನಾನು ಬಕೆಟ್ಟಿನಲ್ಲಿ ಅಳೆದೆ. ನನ್ನ ಮಾಳಿಗೆಗೆ ಬಳಿದು ಉಳಿದದ್ದನ್ನು ಮೂಡಲಗಿಗೆ ಒಯ್ದು, ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತಿದ್ದ, ಈಗ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಲ್ಲಪ್ಪನ ಮಾಳಿಗೆಗೂ ಬಳಿದು ಬಂದೆ. ಊರ ಚಹಾದಂಗಡಿಯಲ್ಲಿ ಸಾರಿದೆ: "ನನ್ನ ಗಚ್ಚಿನ ಮ್ಯಾಲ ಹಾವಸಿ ಬೆಳದ್ರ, ಕರಣಿ ಹೊಳ್ಯಾಗ ಒಗೀತೇನಿ."

ಮಳೆ ಹಿಡಿಯಿತು. ಎರಡು ವಾರವಾಗಿತ್ತು. ನೀರಿನ ಟಾಕಿ ನೋಡಲೆಂದು ಮೇಲೆ ಹೋದವನ ಕಾಲು ಸರ್ರನೆ ಜಾರಿತು. ಪೈಪು ಕೈಗೆ ಸಿಕ್ಕಿದ್ದರಿಂದ ನಿಂತೆ. ಕೆಳಗೆ ನೋಡಿದರೆ ಎಣ್ಣೆ ಸವರಿದಂಥ ಹಸಿರು ಪಾಚಿ, ನಮ್ಮ ಮಾತಿನ ಹಾವಸೆ, ಅಂಚಿನಲ್ಲಿ ಕರಿ ಬೂಷ್ಟು. ಹಾವಸೆಗೆ ಬೇರಿಲ್ಲ, ಕಾಂಡವಿಲ್ಲ, ಬಿತ್ತಿದವರಿಲ್ಲ. ಆದರೂ ಜಂಬದ ಮನುಷ್ಯ ಎಲ್ಲಿದ್ದಾನೆಂದು ಹೇಗೋ ಪತ್ತೆ ಹಚ್ಚುತ್ತದೆ.

ಕೆಳಗಿಳಿದು ಬಂದು ನಾನು ಮಾಡಿದ ಕೆಲಸ ಕೇಳಿ. ಯಾರಿಗೂ ಹೇಳಲಿಲ್ಲ. ಮಗಳು ಸುವರ್ಣಾ ಎಂಟು ತಿಂಗಳ ಬಸುರಿ, ಹೆರಿಗೆಗೆಂದು ಬಂದಿದ್ದಳು. ಮಳೆಯಿಲ್ಲದ ಸಂಜೆ ಮಾಳಿಗೆಯ ಮೇಲೆ ತಿರುಗಾಡುವುದು ಅವಳಿಗೆ ರೂಢಿ. "ಜಾರತೈತಿ" ಎಂದರೆ ನನ್ನ ಗಚ್ಚು ಸೋತಂತಾಗುತ್ತದಲ್ಲ! ಅದಕ್ಕೆ ಬೇರೆಯದೇ ಹೇಳಿದೆ:

"ಬಸರಿ ಹೆಣ್ಣಮಕ್ಕಳು ಮಾಳಗಿ ಏರಬಾರದವ್ವ. ದೃಷ್ಟಿ ಆಕ್ಕೈತಿ."

"ಯಾರ ದೃಷ್ಟಿ ಅಪ್ಪಾ? ಕಾಗೀದಾ?" ಎಂದು ನಕ್ಕಳು.

ನಾನೂ ನಕ್ಕೆ.

ಎರಡು ದಿನ ಕಳೆದ ಮೇಲೆ ಮಲ್ಲಪ್ಪ ಫೋನು ಮಾಡಿ ಕರೆದ. ಬೈಕು ಹತ್ತಿ ಮೂಡಲಗಿಗೆ ಹೋದೆ. ಅವನ ಮಾಳಿಗೆಯೂ ಕರಿ ಕಂಬಳಿ ಹೊದ್ದು ಮಲಗಿತ್ತು. ಮೇಲೆ ಇರುವೆಯ ಸಾಲು.

"ಲೇ ಶಿವ್ಯಾ, ಬೂಷ್ಟು ಏನ್ ತಿಂದು ಬದಕತೈತಿ, ಗೊತ್ತೈತೇನ?"

"ನನ್ನ ಕೆಲಸ ಮನಿ ಕಟ್ಟೂದಪಾ, ಬೂಷ್ಟಿಗೆ ಊಟಕ್ಕ ಹಾಕೂದಲ್ಲ."

"ನೀ ಅದನ್ನ ಮಾಡೀ ನೋಡು. ಗಚ್ಚಿನ್ಯಾಗ ಬೆಲ್ಲಾ ಎಷ್ಟ ಹಾಕೀ?"

ನಾನು ಬಕೆಟ್ಟುಗಳ ಲೆಕ್ಕ ಹೇಳಿದೆ. ಮಲ್ಲಪ್ಪ ಹಣೆ ಬಡಿದುಕೊಂಡ.

"ಹೋಳಗಿ ಊಟಾನ ಹಾಕೀಯಲ್ಲೋ ಮಾರಾಯಾ! ಮೊದಲ ಬೂಷ್ಟು ಉಂಡೈತಿ. ಅದರ ಹಸಿಮ್ಯಾಲ ಹಾವಸಿ ಹಾಸಿಗಿ ಹಾಸೇತಿ. ಹೋಗಲಿ, ಮನ್ಯಾಗ ಯಾರಿಗೂ ಮ್ಯಾಲ ಹೋಗಬ್ಯಾಡ್ರಿ ಅಂತ ಹೇಳೀಯಿಲ್ಲೋ? ಮಗಳು ಬಂದಾಳ ಅಂದಿದ್ದಿ."

ಹೇಳಿದ್ದೆ, ದೃಷ್ಟಿ ಆಗುತ್ತದೆ ಎಂದು. ಫೋನು ತೆಗೆದೆ. ಕಸ್ತೂರಿ ಎತ್ತಿದಳು.

"ಸುವರ್ಣಾ ಎಲ್ಲದಾಳ?"

"ಮತ್ತ ಹನಿ ಬೀಳಾಕತ್ಯಾವ್ರಿ. ಬಿಸಲ ಬಿದ್ದಿತ್ತಂತ ಕೂಸಿನ ಕೌದಿ ಒಣಾ ಹಾಕಿದ್ವಿ, ತರಾಕ ಮ್ಯಾಲ ಹೋಗ್ಯಾಳ. ಯಾಕ್ರಿ, ಏನಾ... ಅಯ್ಯಯ್ಯ!"

ಏನೋ ದಡದಡ ಉರುಳಿದ ಸದ್ದು. ಆಮೇಲೆ ಏನೂ ಇಲ್ಲ. ಮತ್ತೆ ಮತ್ತೆ ಹಚ್ಚಿದೆ, ಯಾರೂ ಎತ್ತಲಿಲ್ಲ.

ಮೂಡಲಗಿಯಿಂದ ನನ್ನೂರು ಬೈಕಿನಲ್ಲಿ ಒಂದೂವರೆ ತಾಸಿನ ದಾರಿ. ಅಂದು ಅದು ಎಷ್ಟು ಉದ್ದವಾಗಿತ್ತೆಂದು ಕೇಳಬೇಡಿ. ಮಳೆ ಕಣ್ಣಿಗೆ ಹೊಡೆಯುತ್ತಿತ್ತು. ಗೋಕಾಕದ ಪೇಟೆಯಲ್ಲಿ ಕರದಂಟಿನ ಅಂಗಡಿಗಳ ಮುಂದೆ ಹಾಯುವಾಗ ಬೆಲ್ಲದ ಘಮ ಬಂತು. ಹುಟ್ಟಿದಾಗಿನಿಂದ ಪ್ರೀತಿಸಿದ ವಾಸನೆ, ಅಂದು ಉಸಿರು ಬಿಗಿಹಿಡಿದು ಪೇಟೆ ದಾಟಿದೆ. ನನ್ನ ಮಾಳಿಗೆಯ ಇಳಿಜಾರು ಯಾವ ಕಡೆಗಿದೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾನೇ ನೂಲು ಹಿಡಿದು, ನೀರು ಸಲೀಸಾಗಿ ಹರಿಯಲೆಂದು ಮೂಡಣಕ್ಕೆ ಇಳಿಜಾರು ಕೊಟ್ಟಿದ್ದೆ. ಕಟ್ಟೆಯಿಲ್ಲದ ಮೂಡಣಕ್ಕೆ. ಜಾರಿದವರು ಎಲ್ಲಿಗೆ ಹೋಗಿ ಮುಟ್ಟುತ್ತಾರೆ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಪ್ರತಿ ಸಲವೂ ಲೆಕ್ಕ ಸರಿಯಾಗಿಯೇ ಬಂತು.

ಮನೆಯ ಮುಂದೆ ಮಂದಿ ಸೇರಿರಲಿಲ್ಲ. ಬೈಕನ್ನು ಅಲ್ಲೇ ಬೀಳಿಸಿ ಒಳಗೆ ಓಡಿದೆ. ಸುವರ್ಣಾ ಅಡುಗೆಮನೆಯ ಮಣೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದಳು. ಬೆನ್ನಿನಿಂದ ಮೀನಖಂಡದವರೆಗೆ ಹಚ್ಚ ಹಸಿರು. ಕಸ್ತೂರಿ ನನ್ನತ್ತ ನೋಡಲೂ ಇಲ್ಲ. ಅವಳ ಫೋನು ಮಾಳಿಗೆಗೆ ಹತ್ತುವ ಪಾವಟಿಗೆಗಳ ಮೇಲೆ ಉರುಳಿ ಎರಡು ಹೋಳಾಗಿ ಬಿದ್ದಿತ್ತು.

ಆದದ್ದಿಷ್ಟು. ಕಾಲು ಜಾರಿದೊಡನೆ ಹುಡುಗಿ ಹಗ್ಗದ ಮೇಲಿನ ಕೌದಿಯನ್ನು ಹಿಡಿದಳು. ಹಗ್ಗ ಹರಿಯಿತು, ಕೌದಿ ಕೈಯಲ್ಲುಳಿಯಿತು, ತಾನು ಕುಕ್ಕರಿಸಿದಳು. ಅಂಚು ನಾಲ್ಕು ಮೊಳದ ಆಚೆ. ಏಳಲು ಹೋಗಲಿಲ್ಲ. ಕೌದಿಯನ್ನು ಅಡಿಗೆ ಹಾಸಿಕೊಂಡು, ಕೂತಲ್ಲೇ ಸರಿದು, ಮತ್ತೆ ಅದನ್ನು ಹಿಂದಕ್ಕೆಳೆದು ಹಾಸಿ, ಮತ್ತೆ ಸರಿದು, ಪಾವಟಿಗೆಯವರೆಗೆ ಬಂದಳು. ಅಲ್ಲಿ ಅವಳವ್ವ ತೋಳು ಚಾಚಿ ನಿಂತಿದ್ದಳು. ದವಾಖಾನೆಯ ನರ್ಸಬಾಯಿ ಬಂದು ನೋಡಿ, ಕೂಸು ಒದೆಯುತ್ತಿದೆ ಎಂದು ಹೇಳಿ ಹೋಗಿದ್ದಳು.

ನಾನು ನೆಲದ ಮೇಲೆ ಕೂತೆ.

"ಅದು ಜಾರೂದು ನನಗ ಗೊತ್ತಿತ್ತವ್ವ," ಎಂದೆ. "ಮೊನ್ನೆ ನಾನೂ ಜಾರಿದ್ದೆ."

ಕಸ್ತೂರಿ ತಿರುಗಿದಳು. "ಗೊತ್ತಿತ್ತಾ? ಗೊತ್ತಿದ್ದೂ ದೃಷ್ಟಿ ಗಿಷ್ಟಿ ಅಂದ್ರ್ಯಾ?"

ಸುವರ್ಣಾ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. "ಖರೇ ಹೇಳಿದ್ರ ನಾ ಯಾಕ ಹೋಗತಿದ್ನಿ, ಅಪ್ಪಾ?" ಎಂದಳು, ಅಷ್ಟೆ.

ಮಾರನೆಯ ದಿನ ಮಳೆ ಬಿಡುವು ಕೊಟ್ಟಿತು. ಸೊಂಟಕ್ಕೆ ಹಗ್ಗ ಕಟ್ಟಿ, ಅದರ ತುದಿಯನ್ನು ಟಾಕಿಯ ಕಾಲಿಗೆ ಬಿಗಿದು, ನನ್ನ ಗಚ್ಚನ್ನು ನಾನೇ ಕೆತ್ತಿ ತೆಗೆದೆ. ಬ್ಲೀಚಿಂಗ್ ಪುಡಿಯ ನೀರು ಹೊಯ್ದು ನೆನೆಯಬಿಟ್ಟು, ತಂತಿ ಬ್ರಷ್ಷಿನಿಂದ ತಿಕ್ಕಿ ತೊಳೆದೆ. ದಾರಿಯಲ್ಲಿ ಹೋಗುವವರು ಕೇಳಿದರು, "ಏನ್ ಗೌಂಡ್ಯಾರ, ಕರಣಿ ಹೊಳ್ಯಾಗ ಯಾವಾಗ ಒಗೀತೀರಿ?" "ಕಟ್ಟಿ ಕಟ್ಟಿದ ಮ್ಯಾಲ" ಎಂದೆ. ಹನ್ನೊಂದು ವರ್ಷ ಆಗದಿದ್ದ ಮೂಡಣದ ಕಟ್ಟೆ ನಾಲ್ಕು ದಿನದಲ್ಲಿ ಎದೆಮಟ್ಟ ಎದ್ದಿತು. ಆಮೇಲೆ ಮೂಡಲಗಿಗೆ ಹೋಗಿ ಮಲ್ಲಪ್ಪನ ಮಾಳಿಗೆಯನ್ನೂ ತಿಕ್ಕಿ ಕೊಟ್ಟೆ. ತಿಕ್ಕುವಾಗ ಅವನು ಪಾಠ ಹೇಳಿದ, ನಾನು ಕೇಳಿದೆ. ೧೯೮೭ರಲ್ಲಿ ನಿಂತಲ್ಲಿಂದಲೇ ಶುರು ಮಾಡಿದ.

ಹಾವಸೆ ಮುಂದಿನ ಮಳೆಗೂ ಬರುತ್ತದೆ; ಅದರ ಕಾಯಕ ಅದು ಬಿಡುವುದಿಲ್ಲ. ಬಂದ ದಿನವೇ ಕೂಗಿ ಹೇಳುವುದು ನನ್ನ ಕಾಯಕ.

ಈಗ ನನ್ನಲ್ಲಿರುವುದು: ಹೊಳೆಗೆ ಒಗೆಯದ ಕರಣಿ ಎರಡು, ಸವೆದ ತಂತಿ ಬ್ರಷ್ಷು ಮೂರು, ನಾಲ್ಕೂ ಕಡೆ ಕಟ್ಟೆಯಿರುವ ಮಾಳಿಗೆ ಒಂದು, ಎಷ್ಟು ತೊಳೆದರೂ ಹಸಿರು ಕಲೆ ಹೋಗದ ಕೌದಿ ಒಂದು, ಅದರ ಮೇಲೆ ಮಲಗಿ ಕಾಲು ಬಡಿಯುವ ಮೂರು ತಿಂಗಳ ಮೊಮ್ಮಗಳು ಒಬ್ಬಳು.